ಎರಡು ಸಬ್ಜೆಕ್ಟ್ ಹೋದದ್ದು ಫೋನಿನಿಂದಲೇ?

ಪ್ರಶ್ನೆ: ಮೇಡಂ, ನನ್ನ ಮಗ ಮಂಗಳೂರಿನ ಒಂದು ಕಾಲೇಜಿನಲ್ಲಿ ಎರಡನೆಯ ವರ್ಷದ ಬಿ.ಕಾಂ. ಓದುತ್ತಿದ್ದಾನೆ. ದಿನಾ ಕಾಪುವಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಪಿಯುಸಿಯನ್ನು ಕನ್ನಡ ಮಾಧ್ಯಮದಲ್ಲಿ ಓದಿ ಶೇ 86 ತೆಗೆದಿದ್ದ. ಈಗ ಮೂರನೆಯ ಸೆಮಿಸ್ಟರಿನಲ್ಲಿ ಕಾಸ್ಟ್ ಅಕೌಂಟಿಂಗ್, ಸ್ಟ್ಯಾಟಿಸ್ಟಿಕ್ಸ್ ಎರಡೂ ಹೋಗಿವೆ. ಅವನ ಫೋನ್ ತೆಗೆದು ನೋಡಿದೆ. ಒಂದೇ ದಿನ 6 ಗಂಟೆ 20 ನಿಮಿಷ ಎಂದು ತೋರಿಸಿತು: ಇನ್‌ಸ್ಟಾಗ್ರಾಂ 2 ಗಂಟೆ 40 ನಿಮಿಷ, ಯೂಟ್ಯೂಬ್ ಒಂದೂವರೆ ಗಂಟೆ, ವಾಟ್ಸ್ಆ್ಯಪ್ 1 ಗಂಟೆ 10 ನಿಮಿಷ, ಉಳಿದದ್ದು ಏನೇನೋ. ರಾತ್ರಿ ಒಂದು ಗಂಟೆಗೂ ಕೋಣೆಯಲ್ಲಿ ಫೋನಿನ ಬೆಳಕು ಇರುತ್ತದೆ. ಕೇಳಿದರೆ ‘ಯೂಟ್ಯೂಬಿನಲ್ಲಿ ಕ್ಲಾಸ್ ನೋಡುತ್ತಿದ್ದೇನೆ’ ಎನ್ನುತ್ತಾನೆ. ಊರಿನ ಯುವಕ ಮಂಡಲದ ಪೇಜಿಗೆ ಹುಲಿವೇಷದ, ವಾಲಿಬಾಲ್ ಮ್ಯಾಚಿನ ವಿಡಿಯೊ ಮಾಡಿ ಹಾಕುವುದೂ ಅವನೇ. ಅವನ ಅಪ್ಪ ಫೋನ್ ಕಿತ್ತುಕೊಂಡು ಕೀಪ್ಯಾಡ್ ಫೋನ್ ಕೊಡುತ್ತೇನೆ ಎಂದು ಹಟ ಹಿಡಿದಿದ್ದಾರೆ. ಅವನು ಫೇಲಾದದ್ದಕ್ಕೆ ಫೋನೇ ಕಾರಣವೇ? ಕಿತ್ತುಕೊಂಡರೆ ಮೊದಲಿನ ಹಾಗೆ ಓದುತ್ತಾನೆಯೇ? ಇದು ಚಟವೇ ಆಗಿದ್ದರೆ ಯಾರಿಗೆ ತೋರಿಸಬೇಕು?
– ಹೆಸರು ಬೇಡ, ಕಾಪು

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆ. ಚೆನ್ನಾಗಿ ಓದುತ್ತಿದ್ದ ಮಗ ಕಣ್ಣೆದುರೇ ಕೈತಪ್ಪಿ ಹೋಗುತ್ತಿದ್ದಾನೋ ಎಂಬ ಭಯ ಆ ಮೂರರ ಹಿಂದೆಯೂ ಇದೆ. ಉಡುಪಿ, ಮಂಗಳೂರಿನ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿರುವ ನನಗೆ, ಸೆಮಿಸ್ಟರ್ ಫಲಿತಾಂಶ ಬಂದ ವಾರಗಳಲ್ಲಿ ಹೆತ್ತವರು ಇದೇ ಮಾತನ್ನು ಹೇಳಿಕೊಳ್ಳುವುದನ್ನು ಕೇಳಿ ಗೊತ್ತು. ಆದ್ದರಿಂದ ಸುತ್ತಿ ಬಳಸದೆ ಹೇಳುತ್ತೇನೆ. ನೀವು ಬರೆದದ್ದನ್ನು ಓದಿದರೆ ಈ ಫಲಿತಾಂಶದಲ್ಲಿ ಫೋನಿನ ಪಾಲು ಖಂಡಿತ ಇದೆ. ಆದರೆ ತೊಂದರೆ ಫೋನಿನಿಂದ ಶುರುವಾದಂತೆ ನನಗೆ ಕಾಣುವುದಿಲ್ಲ. ನಿಮ್ಮ ಪತ್ರದಲ್ಲಿ ನಾನು ಅಡಿಗೆರೆ ಎಳೆದದ್ದು ಎರಡು ಕಡೆ: ಹೋದ ಸಬ್ಜೆಕ್ಟುಗಳ ಹೆಸರಿನ ಕೆಳಗೆ ಮತ್ತು ರಾತ್ರಿ ಒಂದು ಗಂಟೆ ಎಂಬಲ್ಲಿ.

ಮೊದಲು ನಿಮ್ಮನ್ನು ಗಾಬರಿಗೊಳಿಸಿದ ಆರು ಗಂಟೆ ಇಪ್ಪತ್ತು ನಿಮಿಷದ ಲೆಕ್ಕವನ್ನು ನೋಡೋಣ. ಕಾಪುವಿನಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸೇ ಸಿಕ್ಕಿದರೂ ಒಂದು ಗಂಟೆಗೆ ಕಡಿಮೆಯಿಲ್ಲದ ದಾರಿ. ಹೋಗಿ ಬರುವಾಗ, ಅದರಲ್ಲೂ ಕಂಬಿ ಹಿಡಿದು ನಿಂತಿರುವಾಗ, ಅವನು ಫೋನ್ ನೋಡುತ್ತಾನೆ ಎಂದರೆ ಆ ಎರಡು ಗಂಟೆ ಹಿಂದೆಯೂ ಓದಿನ ಹೊತ್ತಾಗಿರಲಿಲ್ಲ. ಫೋನ್ ಅಲ್ಲಿ ಓದಿನ ಜಾಗವನ್ನು ಕಸಿದಿಲ್ಲ. ವಾಟ್ಸ್ಆ್ಯಪ್‌ನ ಒಂದು ಪಾಲು ಕ್ಲಾಸ್ ಗ್ರೂಪಿನದು. ಯುವಕ ಮಂಡಲದ ವಿಡಿಯೊ ಜೋಡಿಸುವುದು ಕುಳಿತು ಮಾಡುವ ಕೆಲಸ. ಅದನ್ನೂ ಬೆರಳಾಡಿಸುತ್ತ ರೀಲ್ಸ್ ನೋಡುವುದನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಆದ್ದರಿಂದ ದಿನದ ಮೊತ್ತ ನಮಗೆ ಹೆಚ್ಚೇನೂ ಹೇಳುವುದಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ಭಾಗವಿದೆ. ಯಾವ ಆ್ಯಪ್ ಎಷ್ಟು ಹೊತ್ತು ಎಂಬುದರ ಜೊತೆಗೆ ದಿನಕ್ಕೆ ಎಷ್ಟು ಸಲ ಫೋನ್ ತೆರೆದ, ಎಷ್ಟು ನೋಟಿಫಿಕೇಷನ್ ಬಂತು ಎಂಬುದೂ ಅಲ್ಲಿ ಸಿಗುತ್ತದೆ. ಆ್ಯಪಿನ ಹೆಸರನ್ನು ಒತ್ತಿದರೆ ಗಂಟೆಗಂಟೆಯ ಲೆಕ್ಕವೂ ತೆರೆದುಕೊಳ್ಳುತ್ತದೆ. ನೀವು ನೋಡಬೇಕಾದದ್ದು ಆ ಗಂಟೆಗಂಟೆಯ ಲೆಕ್ಕವನ್ನು. ಸಂಜೆ ಏಳರಿಂದ ಒಂಬತ್ತರವರೆಗೆ ಪುಸ್ತಕ ಹಿಡಿದಾಗ ಏನಾಗಿದೆ, ರಾತ್ರಿ ಹನ್ನೊಂದರ ನಂತರ ಏನಾಗಿದೆ ಎಂಬುದು ಅಲ್ಲಿದೆ. ಈ ಬಾರಿ ಅವನಿಗೆ ಗೊತ್ತಿಲ್ಲದೆ ನೋಡಬೇಡಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ.

ದಿನಕ್ಕೆ ಇಷ್ಟು ಗಂಟೆ ದಾಟಿದರೆ ಫೇಲ್, ಅಷ್ಟರೊಳಗಿದ್ದರೆ ಪಾಸ್ ಎನ್ನುವಂಥ ಗಡಿಯನ್ನು ಯಾವ ಸಂಶೋಧನೆಯೂ ಕೊಟ್ಟಿಲ್ಲ. ಸಾಮಾಜಿಕ ಜಾಲತಾಣ ಬಳಸುವವರಿಗೆ ಅಂಕ ಕಡಿಮೆ ಎಂಬ ಮಾತು ಸುದ್ದಿಯಾದದ್ದು 2010ರ ಸುಮಾರಿಗೆ, ಅಮೆರಿಕದ ವಿದ್ಯಾರ್ಥಿಗಳ ನಡುವೆ ಫೇಸ್‌ಬುಕ್ ಕುರಿತು ನಡೆದ ಒಂದು ಅಧ್ಯಯನದಿಂದ. ಅದರ ಹಿಂದಿನ ವರ್ಷವಷ್ಟೇ ಬೇರೊಂದು ತಂಡ ಅಂಥ ಸಂಬಂಧವೇ ಕಾಣುವುದಿಲ್ಲ ಎಂದಿತ್ತು. 2012ರಲ್ಲಿ 1,839 ಕಾಲೇಜು ವಿದ್ಯಾರ್ಥಿಗಳನ್ನು ನೋಡಿದ ಮತ್ತೊಂದು ಅಧ್ಯಯನದಲ್ಲಿ ಫೇಸ್‌ಬುಕ್ಕಿನಲ್ಲಿ ಕಳೆದ ಹೊತ್ತು ಹೆಚ್ಚಿದಂತೆ ಅಂಕ ಕಡಿಮೆಯಿತ್ತಾದರೂ, ಲಿಂಕುಗಳನ್ನು ಹಂಚಿಕೊಳ್ಳುವಂಥ ಕೆಲವು ಬಳಕೆಗಳು ಹೆಚ್ಚಿದ್ದವರಲ್ಲಿ ಅಂಕವೂ ಹೆಚ್ಚಿತ್ತು. ಇವೆಲ್ಲವೂ ಎರಡು ಸಂಗತಿ ಒಟ್ಟಿಗೆ ಕಾಣಿಸುತ್ತವೆ ಎಂದು ಹೇಳಬಲ್ಲವೇ ಹೊರತು, ಯಾವುದು ಯಾವುದನ್ನು ಹುಟ್ಟಿಸಿತು ಎಂದು ಹೇಳಲಾರವು. ಫೋನ್ ಹೆಚ್ಚಾಗಿ ಓದು ಕೆಟ್ಟಿರಬಹುದು. ಓದು ಅರ್ಥವಾಗದೆ ಫೋನ್ ಹೆಚ್ಚಿರಲೂಬಹುದು.

ನಿಮ್ಮ ಮಗನ ವಿಷಯದಲ್ಲಿ ಎರಡನೆಯದರ ಸಾಧ್ಯತೆಯೇ ಹೆಚ್ಚು ಎಂದು ನನಗೆ ಅನ್ನಿಸುವುದು ಹೋದ ಸಬ್ಜೆಕ್ಟುಗಳನ್ನು ನೋಡಿ. ಫೋನಿನಿಂದಷ್ಟೇ ಓದು ಕೆಟ್ಟಿದ್ದರೆ ಎಲ್ಲ ಪೇಪರಿನಲ್ಲೂ ಅಂಕ ಇಳಿದಿರಬೇಕಿತ್ತು. ಉಳಿದವುಗಳಲ್ಲಿ ಎಷ್ಟು ಬಂದಿದೆ ಎಂದು ನೀವು ಬರೆದಿಲ್ಲ, ಅಂಕಪಟ್ಟಿಯನ್ನು ಇನ್ನೊಮ್ಮೆ ನೋಡಿ. ಆದರೆ ಹೋದ ಎರಡೂ ಲೆಕ್ಕ ಮಾಡಬೇಕಾದ ವಿಷಯಗಳು, ಅದೂ ಒಂದು ಅಧ್ಯಾಯದ ಮೇಲೆ ಇನ್ನೊಂದು ನಿಲ್ಲುವ ವಿಷಯಗಳು. ಕಾಸ್ಟ್ ಅಕೌಂಟಿಂಗ್‌ನಲ್ಲಿ ಕಚ್ಚಾ ಸಾಮಗ್ರಿ, ಕೂಲಿ ಮತ್ತು ನೇರ ಖರ್ಚು ಸೇರಿದರೆ ಪ್ರೈಮ್ ಕಾಸ್ಟ್, ಅದಕ್ಕೆ ಕಾರ್ಖಾನೆಯ ಓವರ್‌ಹೆಡ್, ಅಂದರೆ ಬಾಡಿಗೆ, ಕರೆಂಟಿನಂಥ ಪರೋಕ್ಷ ಖರ್ಚು, ಸೇರಿದರೆ ವರ್ಕ್ಸ್ ಕಾಸ್ಟ್ ಎಂದು ಕಾಸ್ಟ್ ಶೀಟ್ ಮುಂದುವರಿಯುತ್ತದೆ. ಓವರ್‌ಹೆಡ್ ಎಂದರೇನು, ಅದನ್ನು ವಿಭಾಗಗಳಿಗೆ ಹೇಗೆ ಹಂಚುತ್ತಾರೆ ಎಂಬುದು ಮೊದಲ ತಿಂಗಳಲ್ಲಿ ತಿಳಿಯದೆ ಹೋದರೆ ಆಮೇಲಿನ ಯಾವ ಲೆಕ್ಕವೂ ಕೂರುವುದಿಲ್ಲ. ಸ್ಟ್ಯಾಟಿಸ್ಟಿಕ್ಸ್‌ನಲ್ಲೂ ಸರಾಸರಿ ಗಟ್ಟಿಯಿಲ್ಲದವನಿಗೆ ಸ್ಟ್ಯಾಂಡರ್ಡ್ ಡೀವಿಯೇಷನ್ ಬಾರದು, ಅದು ಬಾರದವನಿಗೆ ಕೋರಿಲೇಷನ್, ರಿಗ್ರೆಷನ್ ಎರಡೂ ಕಗ್ಗಂಟು. ಹಿಂದಿನ ರಾತ್ರಿ ಕಂಠಪಾಠ ಮಾಡಿ ದಾಟಬಹುದಾದ ಪೇಪರುಗಳು ಇವಲ್ಲ.

ಕನ್ನಡ ಮಾಧ್ಯಮದಿಂದ ಬಂದ ಹುಡುಗನಿಗೆ ಇದರ ಜೊತೆಗೆ ಇನ್ನೊಂದು ಭಾರವಿದೆ. ನಮ್ಮ ಜಿಲ್ಲೆಗಳ ಸರಕಾರಿ ಪಿಯು ಕಾಲೇಜುಗಳಿಂದ ಬರುವ ಮಕ್ಕಳು ಲೆಕ್ಕದಲ್ಲಿ ಚುರುಕಾಗಿಯೇ ಇರುತ್ತಾರೆ. ಆದರೆ ಪ್ರಶ್ನೆ ಇಂಗ್ಲಿಷಿನಲ್ಲಿ ಏಳೆಂಟು ಸಾಲು ಉದ್ದವಿದ್ದಾಗ ಯಾವ ಅಂಕಿ ಎಲ್ಲಿಗೆ ಸೇರಬೇಕು ಎಂಬುದು ಓದಿನಲ್ಲೇ ತಪ್ಪಿ ಹೋಗುತ್ತದೆ. ತರಗತಿಯಲ್ಲಿ ಕೈ ಎತ್ತಿ ಕೇಳಲು ನಾಲಿಗೆ ಏಳುವುದಿಲ್ಲ, ಏಕೆಂದರೆ ಪಕ್ಕದ ಬೆಂಚಿನವರು ಸಲೀಸಾಗಿ ಇಂಗ್ಲಿಷ್ ಮಾತನಾಡುತ್ತಾರೆ. ಒಂದು ವಾರ ಸುಮ್ಮನಿರುತ್ತಾನೆ, ಎರಡನೆಯ ವಾರ ಬೋರ್ಡಿನಲ್ಲಿದ್ದದ್ದನ್ನು ಬರೆದುಕೊಳ್ಳುತ್ತಾನೆ, ಮೂರನೆಯ ವಾರ ಗೆಳೆಯನ ನೋಟ್ಸಿನ ಫೋಟೊ ತೆಗೆದುಕೊಳ್ಳುತ್ತಾನೆ. ಮನೆಗೆ ಬಂದು ಪುಸ್ತಕ ತೆರೆದಾಗ ಲೆಕ್ಕದ ಮೂರನೆಯ ಸಾಲಿನಲ್ಲಿ ಒಂದು ಅಂಕಿ ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ. ಹಿಂದಿನ ಸಾಲು ನೋಡುತ್ತಾನೆ, ಮುಂದಿನ ಸಾಲು ನೋಡುತ್ತಾನೆ, ಕೇಳಲು ಯಾರೂ ಇಲ್ಲ. ಆ ಕ್ಷಣದಲ್ಲಿ ಕೈ ತಾನಾಗಿ ಫೋನಿನತ್ತ ಹೋಗುತ್ತದೆ. ನನ್ನೆದುರು ಕುಳಿತ ವಿದ್ಯಾರ್ಥಿಗಳಿಗೆ ‘ಫೋನ್ ಎಷ್ಟು ಹೊತ್ತು ನೋಡುತ್ತಿ’ ಎನ್ನುವ ಬದಲು ‘ಪುಸ್ತಕದ ಯಾವ ಜಾಗಕ್ಕೆ ಬಂದಾಗ ಫೋನ್ ತೆಗೆದೆ’ ಎಂದು ಕೇಳಿದರೆ, ಹೆಚ್ಚಿನವರು ಆ ಜಾಗವನ್ನು ಬೆರಳಿಟ್ಟು ತೋರಿಸುತ್ತಾರೆ. ಅಲ್ಲಿ ನಿಜಕ್ಕೂ ಬೇಕಿರುವುದು ಒಬ್ಬ ಮೇಷ್ಟ್ರು ಅಥವಾ ತಿಳಿದ ಗೆಳೆಯ.

ಹಾಗೆಂದು ಫೋನನ್ನು ನಿರಪರಾಧಿ ಎಂದು ಬಿಡುವಂತಿಲ್ಲ. ತಪ್ಪಿಸಿಕೊಳ್ಳಲು ತೆರೆದದ್ದು ಐದು ನಿಮಿಷಕ್ಕೆ ಮುಗಿಯುವುದಿಲ್ಲ, ಏಕೆಂದರೆ ಮುಗಿಯದಂತೆಯೇ ಅದನ್ನು ಕಟ್ಟಿದ್ದಾರೆ: ರೀಲ್ಸಿಗೆ ಕೊನೆಯ ಪುಟ ಎಂಬುದಿಲ್ಲ, ಯಾವುದರ ಮೇಲೆ ಬೆರಳು ನಿಂತಿತೋ ಅಂಥದ್ದನ್ನೇ ಅದು ಮತ್ತೆ ಮುಂದಿಡುತ್ತದೆ. ನಡುನಡುವೆ ಒಂದಿಷ್ಟು ನೋಡಿದರೇನು ಎಂದು ಮಕ್ಕಳು ಕೇಳುತ್ತಾರೆ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 263 ವಿದ್ಯಾರ್ಥಿಗಳನ್ನು ಅವರು ಓದುವ ಜಾಗದಲ್ಲೇ ಹದಿನೈದು ನಿಮಿಷ ಗಮನಿಸಿದಾಗ, ಸರಾಸರಿ ಆರು ನಿಮಿಷವೂ ಆಗುವ ಮೊದಲೇ ಅವರು ಓದು ಬಿಟ್ಟು ಬೇರೆಯದಕ್ಕೆ ಹೊರಳಿದ್ದರು. ಹೀಗೆ ಹೊರಳಿ ಮರಳುವಾಗ ಮನಸ್ಸಿನ ಒಂದು ಪಾಲು ಬಿಟ್ಟು ಬಂದ ಕೆಲಸದಲ್ಲೇ ಉಳಿದಿರುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಪತ್ರಿಕೆ ಓದುವಾಗ ಇದರಿಂದ ದೊಡ್ಡ ನಷ್ಟವಿಲ್ಲ, ಆದರೆ ಹತ್ತು ಹೆಜ್ಜೆಯ ಲೆಕ್ಕದಲ್ಲಿ ಆರನೆಯ ಹೆಜ್ಜೆಗೆ ಎದ್ದು ಹೋದವನು ಮತ್ತೆ ಒಂದನೆಯದರಿಂದ ಶುರು ಮಾಡಬೇಕಾಗುತ್ತದೆ.

‘ಯೂಟ್ಯೂಬಿನಲ್ಲಿ ಕ್ಲಾಸ್ ನೋಡುತ್ತಿದ್ದೇನೆ’ ಎಂಬ ಅವನ ಮಾತನ್ನು ನಾನು ಸುಳ್ಳೆಂದು ತಳ್ಳಿಹಾಕುವುದಿಲ್ಲ. ಆದರೆ ಅಲ್ಲೇ ಒಂದು ಮೋಸವಿದೆ, ಅದು ಅವನಿಗೂ ಗೊತ್ತಿರಲಿಕ್ಕಿಲ್ಲ. ಬೇರೆಯವರು ಬಿಡಿಸುವ ಲೆಕ್ಕವನ್ನು ನೋಡುತ್ತ ಹೋದರೆ ಪ್ರತಿ ಹೆಜ್ಜೆಯೂ ಸರಿಯೆನ್ನಿಸುತ್ತದೆ, ನನಗೆ ಬಂತು ಎನ್ನಿಸುತ್ತದೆ. ಖಾಲಿ ಹಾಳೆ ಎದುರಿಗಿಟ್ಟರೆ ಎರಡನೆಯ ಹೆಜ್ಜೆಗೇ ನಿಲ್ಲುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ಲೆಕ್ಕದ ಮೇಲಲ್ಲ, ಗದ್ಯಭಾಗದ ಮೇಲೆ ನಡೆದದ್ದು. ಆದರೂ ಅದರ ಫಲ ಇಲ್ಲಿಗೂ ಸಲ್ಲುತ್ತದೆ. ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಕಳೆದ ಮೇಲೆ, ಕಡಿಮೆ ಓದಿ, ನೋಡದೆ ನೆನಪಿಸಿಕೊಂಡು ಬರೆದವರೇ ಬಹಳ ಮುಂದೆ ಹೋದರು. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಮಾತ್ರ ಮತ್ತೆ ಮತ್ತೆ ಓದಿದವರಲ್ಲಿ ಹೆಚ್ಚಿತ್ತು. ನಿಮ್ಮ ಮಗನ ಒಂದೂವರೆ ಗಂಟೆ ಯೂಟ್ಯೂಬಿನಲ್ಲಿ ಅರ್ಧ ಗಂಟೆ ಪಾಠವೇ ಇದ್ದರೂ, ವಿಡಿಯೊ ನಿಲ್ಲಿಸಿ ಅದೇ ಲೆಕ್ಕವನ್ನು ನೋಡದೆ ಬರೆದಿದ್ದಾನೆಯೇ ಎಂಬುದನ್ನು ಅವನ ರಫ್ ನೋಟ್‌ಬುಕ್ ಹೇಳುತ್ತದೆ. ನೀವು ಕಾಮರ್ಸ್ ಓದಿರಬೇಕೆಂದೇನೂ ಇಲ್ಲ. ಹಾಳೆ ತುಂಬಿದೆಯೋ ಇಲ್ಲವೋ ಎಂದು ನೋಡಿದರೆ ಸಾಕು.

ರಾತ್ರಿ ಒಂದು ಗಂಟೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಫೋನ್ ಮಾಡುತ್ತಿರುವ ಅತಿ ದೊಡ್ಡ ಹಾನಿ ಇದೇ. ಪರದೆಯ ನೀಲಿ ಬೆಳಕಿನ ಬಗ್ಗೆ ಮಾತು ಬಹಳ ನಡೆಯುತ್ತದೆ; ಅದಕ್ಕಿಂತ ಮುಖ್ಯವಾದದ್ದು ಮಲಗುವ ಹೊತ್ತು ಜಾರಿ ಹೋಗುವುದು. ಒಂದು ಗಂಟೆಗೆ ಮಲಗಿ, ಒಂಬತ್ತರ ಕ್ಲಾಸಿಗೆ ಮಂಗಳೂರು ತಲುಪಲು ಆರಕ್ಕೆ ಏಳುವ ಹುಡುಗನಿಗೆ ಐದು ಗಂಟೆ ನಿದ್ದೆ. ಆ ವಯಸ್ಸಿಗೆ ಏಳು ಗಂಟೆಯಾದರೂ ಬೇಕು. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಯಾಗುವುದು ನಿದ್ದೆಯಲ್ಲಿ. ನಿದ್ದೆಗೆಟ್ಟವನು ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುತ್ತಾನೆ, ಪಾಠ ತಪ್ಪುತ್ತದೆ, ಸಂಜೆ ಪುಸ್ತಕ ಅರ್ಥವಾಗುವುದಿಲ್ಲ, ಮತ್ತೆ ಫೋನ್. ಈ ಸುತ್ತು ಎಲ್ಲಿಂದ ಶುರುವಾಗಿದ್ದರೂ ಮುರಿಯಲು ಸುಲಭವಾದ ಜಾಗ ರಾತ್ರಿಯೇ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾರೆ. ಫೇಸ್‌ಬುಕ್ 2004ರಲ್ಲಿ ಹಾರ್ವರ್ಡ್‌ನಲ್ಲಿ ಶುರುವಾಗಿ ಬೇರೆ ಕಾಲೇಜುಗಳಿಗೆ ಒಂದೊಂದಾಗಿ ಹೋಯಿತು. ಅದು ಆಗಲೇ ಬಂದಿದ್ದ ಕಾಲೇಜುಗಳನ್ನೂ ಇನ್ನೂ ಬಾರದ ಕಾಲೇಜುಗಳನ್ನೂ ಹೋಲಿಸಿ ಮೂವರು ಅರ್ಥಶಾಸ್ತ್ರಜ್ಞರು 2022ರಲ್ಲಿ ಪ್ರಕಟಿಸಿದ ಅಧ್ಯಯನ, ಅದು ಬಂದಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕೆಟ್ಟಿತೆಂದೂ, ಮನಸ್ಸು ಸರಿಯಿಲ್ಲದ್ದರಿಂದ ಓದಿಗೆ ತೊಂದರೆಯಾಯಿತು ಎನ್ನುವವರ ಸಂಖ್ಯೆ ಹೆಚ್ಚಿತೆಂದೂ ತೋರಿಸಿತು. ಇತರರೊಂದಿಗೆ ತಮ್ಮನ್ನು ಹೋಲಿಸಿಕೊಳ್ಳುವುದು ಇದರ ಹಿಂದಿನ ಕಾರಣವೆಂದು ಅವರು ಗುರುತಿಸುತ್ತಾರೆ. ಎರಡು ಪೇಪರ್ ಬಾಕಿ ಉಳಿಸಿಕೊಂಡು ಮನೆಯಲ್ಲಿರುವ ಹುಡುಗ, ಪಾಸಾದ ಗೆಳೆಯರು ಮಣಿಪಾಲದಲ್ಲೋ ಪಣಂಬೂರು ಬೀಚಿನಲ್ಲೋ ನಗುತ್ತಿರುವ ಸ್ಟೋರಿಗಳನ್ನು ರಾತ್ರಿಯೆಲ್ಲ ನೋಡುತ್ತಿದ್ದರೆ ಅವನಿಗೆ ಏನನ್ನಿಸುತ್ತದೆ ಎಂದು ಯೋಚಿಸಿ. ಯುವಕ ಮಂಡಲದ ಪೇಜು ಅವನಿಗೆ ಈಗ ಶಹಬ್ಬಾಸ್ ಸಿಗುವ ಒಂದೇ ಜಾಗವಾಗಿದ್ದರೂ ಆಶ್ಚರ್ಯವಿಲ್ಲ. ಅದನ್ನು ಬೈಯಬೇಡಿ. ಅದಕ್ಕೆ ಭಾನುವಾರದಂಥ ಒಂದು ದಿನ ಗೊತ್ತು ಮಾಡಿಕೊಳ್ಳಲಿ, ಲೈಕ್ ಎಷ್ಟಾಯಿತೆಂದು ನೋಡುವ ಕೆಲಸವನ್ನು ಮಂಡಲದ ಬೇರೊಬ್ಬರಿಗೆ ಬಿಡಲಿ.

ಈಗ ಕಿತ್ತುಕೊಳ್ಳುವ ಮಾತು. ನಿಮ್ಮ ಯಜಮಾನರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಇಂದು ಡಿಗ್ರಿ ಕಾಲೇಜಿನಲ್ಲಿ ಇಂಟರ್ನಲ್ಸ್ ದಿನಾಂಕ, ನೋಟ್ಸಿನ ಪಿಡಿಎಫ್, ಅಸೈನ್‌ಮೆಂಟ್ ಎಲ್ಲವೂ ವಾಟ್ಸ್ಆ್ಯಪ್‌ನಲ್ಲೇ ಬರುತ್ತವೆ. ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪರೀಕ್ಷೆಯ ಅರ್ಜಿ, ಫಲಿತಾಂಶಗಳು ಆನ್‌ಲೈನ್ ಪೋರ್ಟಲ್ಲಿನಲ್ಲಿವೆ. ಕೀಪ್ಯಾಡ್ ಫೋನ್ ಹಿಡಿದು ಹೋದವನು ಇವನ್ನೆಲ್ಲ ಗೆಳೆಯರಿಂದ ಕೇಳಿ ತಿಳಿಯಬೇಕು, ಅವಮಾನ ಬೇರೆ. ಹಲವರು ಗೆಳೆಯನ ಹಳೆಯ ಫೋನನ್ನು ಮುಚ್ಚಿಟ್ಟು ಬಳಸುವುದನ್ನು ಕಂಡಿದ್ದೇನೆ. ಅಲ್ಲಿಂದ ಮುಂದೆ ಮನೆಯಲ್ಲಿ ನಿಜ ಹೇಳುವುದೇ ನಿಂತು ಹೋಗುತ್ತದೆ. ಇಷ್ಟಾಗಿಯೂ ಓದುತ್ತಾನೆಂಬ ಖಾತರಿಯಿಲ್ಲ. ಅಮೆರಿಕದಲ್ಲಿ 2018ರಲ್ಲಿ ಜನರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದ ಪ್ರಯೋಗದಲ್ಲಿ ಅವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು, ಮನಸ್ಸೂ ತುಸು ಹಗುರಾಯಿತು. ಉಳಿದ ಹೊತ್ತಿನಲ್ಲಿ ಅವರು ಟಿವಿ ನೋಡಿದ್ದೂ ಮನೆಯವರು, ಗೆಳೆಯರೊಡನೆ ಕಳೆದದ್ದೂ ಹೆಚ್ಚಾಯಿತು. ಬಿಡುವಾದ ಹೊತ್ತು ತಾನಾಗಿ ಪುಸ್ತಕಕ್ಕೆ ಹೋಗುವುದಿಲ್ಲ.

ಆ್ಯಪಿಗೆ ದಿನಕ್ಕಿಷ್ಟೇ ಎಂದು ಟೈಮರ್ ಹಾಕುವ ದಾರಿಯೂ ಇದೆ. ಹಾಕಿದವನೇ ತೆಗೆಯಬಲ್ಲನಾದ್ದರಿಂದ ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ.

ನಾನು ಹೇಳುವುದು ಬೇರೆ ಕ್ರಮ. ಮೊದಲ ಹೆಜ್ಜೆ ಕಾಲೇಜಿನದು. ಅವನನ್ನು ಜೊತೆಗೆ ಕರೆದುಕೊಂಡೇ ಕ್ಲಾಸ್ ಮೆಂಟರನ್ನೂ ಆ ಎರಡು ವಿಷಯದ ಉಪನ್ಯಾಸಕರನ್ನೂ ಭೇಟಿಯಾಗಿ, ಬಾಕಿ ಪೇಪರಿನ ಪರೀಕ್ಷೆ ಯಾವಾಗ, ಯಾವ ಅಧ್ಯಾಯದಿಂದ ಹಿಂದೆ ಬಿದ್ದಿದ್ದಾನೆ, ಹಾಜರಾತಿ ಎಷ್ಟಿದೆ ಎಂದು ಕೇಳಿ. ಕನ್ನಡದಲ್ಲಿ ವಿವರಿಸಬಲ್ಲ ಉಪನ್ಯಾಸಕರು ನಮ್ಮ ಕಾಲೇಜುಗಳಲ್ಲಿ ಇದ್ದಾರೆ, ಕೇಳಿದರೆ ಹೇಳಿಕೊಡುತ್ತಾರೆ. ಇಲ್ಲವಾದರೆ ಊರಿನಲ್ಲೇ ಬಿ.ಕಾಂ. ಮುಗಿಸಿದ ಅಣ್ಣನೋ ಅಕ್ಕನೋ ವಾರಕ್ಕೆ ಎರಡು ಸಂಜೆ ಕೂತು ಹೇಳಿಕೊಡಬಹುದು. ಟ್ಯೂಷನ್ನಿಗೆ ಹಾಕುವುದಾದರೆ ಒಂದು ಅಪಾಯವಿದೆ: ಅಲ್ಲಿಯೂ ಬೋರ್ಡ್ ನೋಡಿ ಬರೆದುಕೊಂಡು ಬಂದರೆ ಹಣ ಹೋಗುತ್ತದೆ, ಲೆಕ್ಕ ಬರುವುದಿಲ್ಲ. ದಿನಕ್ಕೆ ಎರಡು ಲೆಕ್ಕ, ನೋಡದೆ, ಕೊನೆಯವರೆಗೆ ಎಂಬಷ್ಟೇ ನಿಯಮ ಸಾಕು.

ಎರಡನೆಯದು, ಓದುವ ಒಂದು ಗಂಟೆ ಮತ್ತು ರಾತ್ರಿ ಹತ್ತೂವರೆಯ ನಂತರ ಫೋನ್ ಬೇರೆ ಕೋಣೆಯಲ್ಲಿರಲಿ. ಮೇಜಿನ ಮೇಲೆ ಬೋರಲು ಮಲಗಿಸಿಟ್ಟರೆ ಸಾಲದು, ಕೈಗೆ ಎಟುಕುವ ಹಾಗಿದ್ದರೆ ಕೈ ಹೋಗಿಯೇ ಹೋಗುತ್ತದೆ. ಬೆಳಿಗ್ಗೆ ಏಳಲು ಅಲಾರಂ ಗಡಿಯಾರವೊಂದನ್ನು ತನ್ನಿ, ಇಲ್ಲವಾದರೆ ಅಲಾರಂ ನೆಪದಲ್ಲಿ ಫೋನ್ ದಿಂಬಿನ ಬದಿಗೆ ಮರಳುತ್ತದೆ. ಈ ನಿಯಮ ಮನೆಯ ಎಲ್ಲರಿಗೂ ಇರಬೇಕು. ನಿಮ್ಮಿಬ್ಬರ ಫೋನೂ ಅದೇ ಕಪಾಟಿನ ಮೇಲೆ ಚಾರ್ಜಿಗೆ ಹೋಗಬೇಕು. ಅವನ ಅಪ್ಪನೇ ಮೊದಲು ತಮ್ಮ ಫೋನ್ ತಂದಿಟ್ಟರೆ ಮಾತಿನ ಅಗತ್ಯವೇ ಬೀಳದು. ಮೊದಲ ವಾರ ಕಿರಿಕಿರಿ, ಮುನಿಸು, ನಿದ್ದೆ ಬಾರದೆ ಹೊರಳಾಡುವುದು ಇರುತ್ತದೆ. ಅದನ್ನು ಕಂಡು ಬಿಟ್ಟುಕೊಡಬೇಡಿ, ಜಗಳಕ್ಕೂ ಇಳಿಯಬೇಡಿ. ಬಸ್ಸಿನ ಎರಡು ಗಂಟೆಯನ್ನು ಅವನಿಗೇ ಬಿಡಿ.

ಕೊನೆಯದಾಗಿ ಚಟದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿಯಲ್ಲಿ ಗೇಮಿಂಗ್‌ಗೆ ಸಂಬಂಧಿಸಿದ ಕಾಯಿಲೆಗೆ ಜಾಗವಿದೆ. ಸಾಮಾಜಿಕ ಜಾಲತಾಣದ ಚಟವೆಂಬ ಪ್ರತ್ಯೇಕ ಕಾಯಿಲೆ ಅದರಲ್ಲಿಲ್ಲ. ಫೋನಿನಿಂದ ಮಕ್ಕಳ ಮಿದುಳೇ ಕೆಟ್ಟು ಹೋಗಿದೆ ಎಂಬ ಮಾತಿಗೂ ಆಧಾರವಿಲ್ಲ, ಗಮನವಿಟ್ಟು ಕೂರುವ ಅಭ್ಯಾಸ ತಪ್ಪಿದ್ದು ಅಭ್ಯಾಸದಿಂದಲೇ ಮರಳುತ್ತದೆ. ಪೇಜಿನ ಕೆಲಸ ಮಾಡುತ್ತ, ದಿನವೂ ಬಸ್ ಹತ್ತಿ ಕಾಲೇಜಿಗೆ ಹೋಗುತ್ತಿರುವ ಹುಡುಗನ ಮೇಲೆ ಈಗಲೇ ಚಟದ ಹಣೆಪಟ್ಟಿ ಅಂಟಿಸಬೇಡಿ. ಆದರೆ ಅವನು ಕಾಲೇಜಿಗೆಂದು ಹೊರಟು ಕಾಲೇಜಿಗೆ ಹೋಗದಿರುವುದು, ಊಟ ಬಿಡುವುದು, ವಾಲಿಬಾಲಿಗೂ ಗೆಳೆಯರ ಜೊತೆಗೂ ಹೋಗದೆ ಕೋಣೆಯಲ್ಲೇ ಉಳಿಯುವುದು, ಮನೆಯಲ್ಲಿ ಹಣ ಕಾಣೆಯಾಗುವುದು ಅಥವಾ ಸಾಲದ ಆ್ಯಪಿನವರ ಕರೆ ಬರುವುದು, ಎಲ್ಲಕ್ಕಿಂತ ಮುಖ್ಯವಾಗಿ ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಬಾಯಲ್ಲಿ ಬರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಕಾಯಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು, ನೀವೇ ಮೊದಲು ಮಾತನಾಡಿ ದಾರಿ ಕೇಳಬಹುದು. ನಿಮಗೆ ಹತ್ತಿರವಾಗುವುದು ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಅಲ್ಲಿ ಮನೋವೈದ್ಯರನ್ನು ಕಾಣಿ. ತಂತ್ರಜ್ಞಾನದ ಅತಿ ಬಳಕೆಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಇದೆಯಾದರೂ ಅಷ್ಟು ದೂರ ಹೋಗಬೇಕೇ ಎಂಬುದನ್ನು ಇಲ್ಲಿನ ವೈದ್ಯರು ನೋಡಿದ ಮೇಲೆ ತೀರ್ಮಾನಿಸಿದರೆ ಸಾಕು. ಹೋಗುವಾಗ ‘ಫೋನಿನ ಚಟ ಬಿಡಿಸಿ’ ಎನ್ನಬೇಡಿ. ನಿದ್ದೆ ಎಷ್ಟು, ಊಟ ಹೇಗೆ, ಎಂದಿನಿಂದ ಹೀಗೆ, ಯಾವ ಪೇಪರ್ ಹೋಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಉಳಿದದ್ದನ್ನು ಅವನೇ ವೈದ್ಯರ ಬಳಿ ಒಬ್ಬನೇ ಕುಳಿತು ಹೇಳಲು ಬಿಡಿ.